ಹಗೇವಿಗಿಳಿದ ಅತ್ತೆ

ಏಣಿ ಕಂಡಾಗಲೆಲ್ಲ ನನಗೆ ಅರ್ಮೇನಿಯಾ ನೆನಪಾಗುತ್ತದೆ. ಮೊನ್ನೆ ತಾರಸಿಯ ಮೇಲಿನ ನೀರಿನ ಟ್ಯಾಂಕು ತೊಳೆಯಲು ಬಂದವರು ಕಬ್ಬಿಣದ ಏಣಿಯೊಂದನ್ನು ತಂದು ಹಿತ್ತಲ ಗೋಡೆಗೆ ಒರಗಿಸಿದರು. ನಾನು ಸೊಪ್ಪು ಸೋಸುವುದನ್ನು ಬಿಟ್ಟು ಅದನ್ನೇ ನೋಡುತ್ತ ನಿಂತುಬಿಟ್ಟೆ. ಏಣಿ ಗಟ್ಟಿಯಾಗೇ ಇದೆ, ಹೆದರಬೇಡಿ ಎಂದು ಅವರು ಸಮಾಧಾನ ಹೇಳಿದರು. ಚಾಮರಾಜಪೇಟೆಯ ಹಿತ್ತಲಲ್ಲಿ ದಂಟಿನ ಸೊಪ್ಪು ಹಿಡಿದು ನಿಂತವಳು ಮನಸ್ಸಿನಲ್ಲಿ ಎಲ್ಲಿಗೆ ಹೋಗಿದ್ದಾಳೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಅರ್ಮೇನಿಯಾ ಎಲ್ಲಿದೆ ಎಂದು ನಿಮಗೆ ತಿಳಿಯದಿದ್ದರೆ ಸಂಕೋಚಪಡಬೇಡಿ. ಮಗಳು ಅಲ್ಲಿ ಡಾಕ್ಟರಿಕೆ ಓದುತ್ತೇನೆ ಎಂದು ಹೇಳುವವರೆಗೆ ನನಗೂ ತಿಳಿದಿರಲಿಲ್ಲ. ಮಲ್ಲೇಶ್ವರದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿಕೊಂಡು, ದಿನಾ ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಾಯಿಸುವುದನ್ನೇ ದೊಡ್ಡ ಪ್ರಯಾಣ ಎಂದುಕೊಂಡಿದ್ದವಳು ನಾನು. ಭೂಪಟ ತೆಗೆದು ನೋಡಿದರೆ ಟರ್ಕಿ, ಇರಾನು, ಜಾರ್ಜಿಯಾಗಳ ನಡುವೆ ಒಂದು ಪುಟ್ಟ ದೇಶ. ಅಲ್ಲಿನ ರಾಜಧಾನಿ ಯೆರೆವಾನಿನಲ್ಲಿ ನಮ್ಮ ಕಡೆಯ ಹುಡುಗ ಹುಡುಗಿಯರು ಬೇಕಾದಷ್ಟು ಜನ ವೈದ್ಯಕೀಯ ಓದುತ್ತಿದ್ದರು. ಹೀಗೆ ಸಹನಾ ಅಲ್ಲಿಗೆ ಹೋದಳು.

ಮೊದಲೆರಡು ವರ್ಷ ಚೆನ್ನಾಗಿಯೇ ಇದ್ದಳು. ಮೂರನೆಯ ವರ್ಷ ಫೋನಿನಲ್ಲಿ ಅವಳ ಮಾತು ಕಡಿಮೆಯಾಗುತ್ತ ಬಂತು. ಊಟ ಆಯ್ತಾ ಅಂದರೆ ಆಯ್ತು, ಚಳಿಯಾ ಅಂದರೆ ಹೂಂ. ಆಮೇಲೆ ಒಂದು ಭಾನುವಾರ, ನನಗೆ ಇದು ಆಗಲ್ಲಮ್ಮ, ನಾನು ವಾಪಸ್ ಬರ್ತೀನಿ ಎಂದು ಅತ್ತಳು. ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನಮ್ಮ ಯಜಮಾನರಿಗೆ ಹರಿದ ಬಟ್ಟೆಯನ್ನೂ ಹಿಂದಕ್ಕೆ ತೆಗೆದುಕೊಂಡು ಅಭ್ಯಾಸವಿಲ್ಲ. ಶುರು ಮಾಡಿದ್ದನ್ನು ಮುಗಿಸಲಿ ಎಂದು ಒಂದೇ ಮಾತು. ಕೊನೆಗೆ ನಾನು ಹೋಗಿ ನೋಡಿಕೊಂಡು, ಬುದ್ಧಿ ಹೇಳಿ ಬರುವುದು ಎಂದು ತೀರ್ಮಾನವಾಯಿತು. ಆಗ ಅಡುಗೆಮನೆಯಿಂದ ನಮ್ಮತ್ತೆ ನೀಲಮ್ಮನವರ ದನಿ ಬಂತು, ತಾನೂ ಬರುತ್ತೇನೆ ಎಂದು.

ನಮ್ಮತ್ತೆಗೆ ಆಗ ಎಪ್ಪತ್ತರ ಹತ್ತಿರ. ಎರಡೂ ಮಂಡಿ ನೋವು. ಮೆಟ್ಟಿಲು ಹತ್ತಬಾರದು, ಕೆಳಗೆ ಕೂರಬಾರದು ಎಂದು ಡಾಕ್ಟರು ಹೇಳಿದ್ದರು. ಅವರು ದಿನಾ ಕೆಳಗೇ ಕೂತು ಲಿಂಗಪೂಜೆ ಮಾಡುತ್ತಿದ್ದರು. ಬೆಳಗಿನ ಜಾವ ಕೃಷ್ಣರಾಜ ಮಾರುಕಟ್ಟೆಗೆ ಹೋಗಿ, ಹೂವಿನ ರಾಶಿಗಳ ನಡುವೆ ಕೆಸರು ದಾಟಿಕೊಂಡು, ಪೂಜೆಗೆ ಬಿಡಿ ಹೂವು ತರುವುದನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಇಂಥವರನ್ನು ಬೇಡ ಎನ್ನುವ ಧೈರ್ಯ ನನಗೂ ಇರಲಿಲ್ಲ, ಅವರ ಮಗನಿಗೂ ಇರಲಿಲ್ಲ.

ಹೊರಡುವ ಸಂಭ್ರಮ ಹೇಳಿದರೆ ಮುಗಿಯುವುದಿಲ್ಲ. ಹುರಿಹಿಟ್ಟು, ಚಟ್ನಿಪುಡಿ, ಒಣಗಿಸಿದ ಜೋಳದ ರೊಟ್ಟಿ, ರಾಗಿಹಿಟ್ಟು. ಪೂಜೆಯ ಚೀಲದಲ್ಲಿ ಬಿಳಿ ವಿಭೂತಿ ಗಟ್ಟಿಗಳು. ಯೆರೆವಾನಿನ ವಿಮಾನ ನಿಲ್ದಾಣದಲ್ಲಿ ಸಮವಸ್ತ್ರ ತೊಟ್ಟ ಹುಡುಗನೊಬ್ಬ ಆ ಗಟ್ಟಿಗಳನ್ನು ಎತ್ತಿ ಮೂಸಿ ನೋಡಿದ. ಇನ್ನೊಬ್ಬನನ್ನು ಕರೆದ. ಅವನು ಇನ್ನೊಬ್ಬನನ್ನು ಕರೆದ. ನನ್ನ ಇಂಗ್ಲಿಷು ಬಾಯಲ್ಲೇ ಒಣಗಿತು. ಅತ್ತೆ ಒಂದು ಗಟ್ಟಿ ತೆಗೆದುಕೊಂಡು, ಮೂರು ಬೆರಳು ತಿಕ್ಕಿ, ತಮ್ಮ ಹಣೆಗೆ ಎಳೆದುಕೊಂಡು ತೋರಿಸಿದರು. ಆಮೇಲೆ ಆ ಹುಡುಗನ ಹಣೆಗೂ ಕೈ ಚಾಚಿದರು. ಅವನು ನಗುತ್ತ ಹಿಂದೆ ಸರಿದು, ಹೋಗಿ ಹೋಗಿ ಎಂದು ಕೈಬೀಸಿದ. ನಮ್ಮ ವಿದೇಶ ಪ್ರವೇಶ ಹೀಗಾಯಿತು.

ಸಹನಾ ಸೊರಗಿದ್ದಳು. ಒಬ್ಬ ಅಜ್ಜಿಯ ಮನೆಯ ಮೇಲಿನ ಎರಡು ಕೋಣೆಯಲ್ಲಿ ಅವಳ ವಾಸ. ನಮ್ಮನ್ನು ತಬ್ಬಿಕೊಂಡಳು, ರೊಟ್ಟಿ ತಿಂದಳು, ಆದರೆ ಕಾಲೇಜಿನ ಮಾತು ಬಂದರೆ ಎದ್ದು ಕಿಟಕಿ ಹತ್ತಿರ ಹೋಗುತ್ತಿದ್ದಳು. ನಾವು ಹೋದ ವಾರವೆಲ್ಲ ಅವಳು ತರಗತಿಗೇ ಹೋಗಲಿಲ್ಲ. ನಾನು ವಿಮಾನದಲ್ಲಿ ಸಿದ್ಧಮಾಡಿಕೊಂಡಿದ್ದ ಬುದ್ಧಿಮಾತನ್ನು ಎರಡು ಸಲ ಶುರು ಮಾಡಿದೆ. ಎರಡು ಸಲವೂ ಅವಳು, ಅಮ್ಮ, ಕ್ಲಾಸ್ ತಗೋಬೇಡ ಅಂದಳು. ಇಪ್ಪತ್ತು ವರ್ಷ ಪಾಠ ಮಾಡಿದವಳಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇನ್ನೇನಿದೆ? ಕಾರಣವನ್ನು ಮಾತ್ರ ಒಂದು ಸಲ ಹೇಳಿದಳು. ಪಾಠವೆಲ್ಲ ಇಂಗ್ಲಿಷಿನಲ್ಲೇ, ಆದರೆ ಈಗ ಆಸ್ಪತ್ರೆಯ ವಾರ್ಡು ಶುರುವಾಗಿದೆ. ರೋಗಿಗಳು ಮಾತಾಡುವುದು ಅರ್ಮೇನಿಯನ್ನು. ತನಗೆ ಆ ಭಾಷೆ ಬರುವುದಿಲ್ಲ, ಇನ್ನು ಮುಂದೆ ಬರುವುದೂ ಇಲ್ಲ.

ಮನೆಯಲ್ಲಿ ಕೂತರೆ ಮೂವರೂ ಗೋಡೆ ನೋಡಿಕೊಂಡು ಕೂರುತ್ತೇವೆ ಎಂದು ಅತ್ತೆಯೇ ಒಂದು ದಿನ ಹೊರಗೆ ಹೋಗೋಣ ಎಂದರು. ಈ ಊರಿನ ದೇವರನ್ನು ಮಾತಾಡಿಸದೆ ಹೋದರೆ ಚೆನ್ನಾಗಿರಲ್ಲ ಅನ್ನುವುದು ಅವರ ವಾದ. ಮನೆಯೊಡತಿಯ ಕಡೆಯ ಹಾಕೋಬ್ ಎಂಬಾತ ತನ್ನ ಹಳೆಯ ರಷ್ಯನ್ ಕಾರು ತಂದ. ನನ್ನ ವಯಸ್ಸಿನವನೇ, ದಪ್ಪ ಹುಬ್ಬು, ಇಪ್ಪತ್ತು ಮೂವತ್ತು ಇಂಗ್ಲಿಷ್ ಪದಗಳು, ಉಳಿದದ್ದಕ್ಕೆ ಎರಡು ಕೈ. ಮಾತು ಹೆಚ್ಚಾದಾಗ ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಬಳಸುತ್ತಿದ್ದ. ನಾನು ಆಗೆಲ್ಲ ಶಿವಶಿವಾ ಅಂದುಕೊಳ್ಳುತ್ತಿದ್ದೆ.

ಮೊದಲು ಹೋದದ್ದು ಗೆಘಾರ್ದ್ ಎಂಬ ಮಠಕ್ಕೆ. ಊರು ದಾಟಿ, ಬೋಳು ಗುಡ್ಡಗಳನ್ನು ದಾಟಿ, ಒಂದು ಕಣಿವೆಯ ಕೊನೆಗೆ ಬಂದರೆ ಎದುರಿಗೆ ಬಂಡೆಯ ಗೋಡೆ. ಆ ಗೋಡೆಗೆ ಬೆನ್ನು ಕೊಟ್ಟು, ಅದೇ ಬಂಡೆಯ ಬಣ್ಣದ ಒಂದು ಗುಡಿ. ಮುಂದಿನ ಅರ್ಧ ಕಟ್ಟಿದ್ದು, ಹಿಂದಿನ ಅರ್ಧ ಬೆಟ್ಟವನ್ನೇ ಕೊರೆದದ್ದು. ದಾರಿಯುದ್ದಕ್ಕೂ ಹೆಂಗಸರು ಬಂಡಿಚಕ್ರದಂಥ ದುಂಡನೆಯ ಸಿಹಿ ರೊಟ್ಟಿಗಳನ್ನು ಜೋಡಿಸಿ ಮಾರುತ್ತಿದ್ದರು. ಪೊದೆಗಳ ಕೊಂಬೆಗೆಲ್ಲ ಹರಕೆಯ ಬಟ್ಟೆಚೂರು ಕಟ್ಟಿದ್ದರು. ಅತ್ತೆ ಒಂದು ಚೂರನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿ, ಪಾಲಿಯೆಸ್ಟರು ಅಂದರು. ಬಟ್ಟೆ ವ್ಯಾಪಾರದ ಮನೆಗೆ ಬಂದವರು, ದೇವರ ಹರಕೆಯನ್ನೂ ಮುಟ್ಟಿ ನೋಡದೆ ಬಿಡುವುದಿಲ್ಲ.

ಒಳಗೆ ಕಾಲಿಟ್ಟ ಕೂಡಲೇ ನನಗೆ ಗವಿಪುರ ನೆನಪಾಯಿತು. ಗವಿಪುರ ನನ್ನ ತವರು. ಗವಿ ಗಂಗಾಧರೇಶ್ವರನ ಗುಡಿಯಲ್ಲಿ ದೇವರ ಹಿಂದೆ ಪ್ರದಕ್ಷಿಣೆಗೆ ಬಂಡೆಯೊಳಗೇ ಒಂದು ತಗ್ಗಿನ ದಾರಿಯಿದೆ. ದೊಡ್ಡವರು ನಡು ಬಗ್ಗಿಸಿ ನಡೆಯಬೇಕು. ಸಂಕ್ರಾಂತಿಯ ದಿನ ಸಂಜೆ ಸೂರ್ಯನ ಬೆಳಕು ಲಿಂಗದ ಮೇಲೆ ಬೀಳುವುದನ್ನು ನೋಡಲು ಊರಿಗೆ ಊರೇ ಸೇರುತ್ತದೆ. ಚಿಕ್ಕವಳಿದ್ದಾಗ ಅಂಥ ಒಂದು ಸಂಕ್ರಾಂತಿಗೆ ಆ ದಾರಿಯ ನಡುವೆ ಜನ ಸಿಕ್ಕಿಕೊಂಡು ನಿಂತುಬಿಟ್ಟರು. ಮುಂದೆ ಬೆನ್ನು, ಹಿಂದೆ ಹೊಟ್ಟೆ, ತಲೆಯ ಮೇಲೆ ಬಂಡೆ. ನಾನು ಕಿರುಚಿಕೊಂಡು, ಮುಂದಿದ್ದವರ ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದೆ, ಬಿಡಲೇ ಇಲ್ಲ. ಹೊರಗೆ ಬಂದಾಗ ಪಂಚೆ ನನ್ನ ಕೈಯಲ್ಲಿತ್ತು, ಆ ಮಹನೀಯರು ಬೇರೆ ಕಡೆ ಇದ್ದರು. ಅಂದಿನಿಂದ ಇಕ್ಕಟ್ಟಿನ ಜಾಗವೆಂದರೆ ನನಗೆ ಆಗುವುದಿಲ್ಲ. ಲಿಫ್ಟು ಕೂಡ ಹತ್ತುವುದಿಲ್ಲ. ಕಾಲೇಜಿನಲ್ಲಿ ಇದನ್ನು ವ್ಯಾಯಾಮ ಎಂದು ಹೇಳಿಕೊಳ್ಳುತ್ತೇನೆ.

ಗೆಘಾರ್ದ್‌ನ ಗವಿಗಳು ಮಾತ್ರ ನನ್ನನ್ನು ಹೆದರಿಸಲಿಲ್ಲ. ಬಂಡೆಯೊಳಗೇ ಕಂಬಗಳು, ಕಮಾನುಗಳು, ಮೇಲೆ ಗುಮ್ಮಟ. ಗುಮ್ಮಟದ ನೆತ್ತಿಯಲ್ಲಿ ಒಂದು ಕಿಂಡಿ, ಅದರಿಂದ ಇಳಿದ ಬಿಸಿಲಿನ ಕೋಲು. ಇದನ್ನೆಲ್ಲ ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದರಂತೆ. ಒಂದು ಏಟು ತಪ್ಪಿದರೆ ಮತ್ತೆ ಜೋಡಿಸುವ ಹಾಗಿಲ್ಲ. ಗವಿಯ ಒಂದು ಮೂಲೆಯಲ್ಲಿ ಬಂಡೆಯಿಂದ ನೀರು ಜಿನುಗಿ ಸಣ್ಣ ಕಾಲುವೆಯಾಗಿ ಹರಿಯುತ್ತಿತ್ತು. ಜನ ಬೊಗಸೆಯಲ್ಲಿ ಹಿಡಿದು ಮುಖಕ್ಕೆ ಹಚ್ಚಿಕೊಳ್ಳುತ್ತಿದ್ದರು. ತಲೆಗೆ ಬಟ್ಟೆ ಹೊದ್ದ ಹೆಂಗಸರು ಮೇಣದ ಬತ್ತಿ ಹಚ್ಚಿ ಮರಳಿನಲ್ಲಿ ನೆಡುತ್ತಿದ್ದರು. ಅತ್ತೆ ತಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಆಮೇಲೆ ನೋಡಿದರೆ ಆ ಸಾಲಿನಲ್ಲಿ ಅವರು ಯಾರು, ಊರಿನವರು ಯಾರು ಎಂದು ಹಿಂದಿನಿಂದ ಗೊತ್ತಾಗುತ್ತಿರಲಿಲ್ಲ.

ಹೊರಗೆ ಗೋಡೆಯ ಮೇಲೆಲ್ಲ ಶಿಲುಬೆ ಕೆತ್ತಿದ ಚಪ್ಪಡಿಗಳು. ನಮ್ಮ ಊರ ಹೊರಗಿನ ವೀರಗಲ್ಲುಗಳ ಎತ್ತರ. ಅಂಚಿನಲ್ಲಿ ಬಳ್ಳಿ, ಬಳ್ಳಿಯೊಳಗೆ ದ್ರಾಕ್ಷಿ, ದಾಳಿಂಬೆ, ಅದರೊಳಗೆ ಮತ್ತೆ ಎಳೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ಒಂದೊಂದರ ಮುಂದೂ ನಿಂತು, ಬೆರಳಿನಿಂದ ಎಳೆ ಹಿಡಿದು ಹೋದರು.

"ಇದು ಕಲ್ಲಲ್ಲ ಕಣೆ, ಕಸೂತಿ," ಅಂದರು. "ನೋಡು, ಎಳೆ ಎಲ್ಲೂ ಕಡಿದಿಲ್ಲ. ಹೊರಟಲ್ಲಿಗೇ ಬಂದು ಸೇರುತ್ತೆ. ಒಂದರ ಹಂಗೆ ಇನ್ನೊಂದಿಲ್ಲ."

ಹಾಕೋಬ್‌ಗೆ ಇದನ್ನು ಹೇಳಿದೆ. ಅವನಿಗೆ ಎಷ್ಟು ಅರ್ಥವಾಯಿತೋ, ಎದೆಯ ಮೇಲೆ ಕೈಯಿಟ್ಟು ಅತ್ತೆಗೆ ತಲೆಬಾಗಿದ. ಸಹನಾ ಮಾತ್ರ ದೂರದ ಕಟ್ಟೆಯ ಮೇಲೆ ಕಿವಿಗೆ ಹಾಡಿನ ವೈರು ಸಿಕ್ಕಿಸಿಕೊಂಡು ಕೂತಿದ್ದಳು.

ಅಲ್ಲಿಂದ ಮಧ್ಯಾಹ್ನದ ಹೊತ್ತಿಗೆ ಖೋರ್ ವಿರಾಪ್ ಎಂಬಲ್ಲಿಗೆ ಬಂದೆವು. ದ್ರಾಕ್ಷಿತೋಟಗಳ ಬಯಲಿನಲ್ಲಿ ಒಂದು ಸಣ್ಣ ದಿಬ್ಬ, ದಿಬ್ಬದ ಮೇಲೆ ಕೋಟೆಯಂಥ ಮಠ. ಅದರ ಹಿಂದೆ, ಅರ್ಧ ಆಕಾಶ ತುಂಬಿಕೊಂಡು, ಅರರಾತ್ ಪರ್ವತ. ನಾನು ಬೆಟ್ಟ ನೋಡಿಲ್ಲವೆಂದಲ್ಲ. ಆದರೆ ಬಯಲಿನಿಂದ ಒಮ್ಮೆಲೇ ಎದ್ದು ನಿಂತ ಹಿಮದ ಬೆಟ್ಟವನ್ನು ನೋಡಿರಲಿಲ್ಲ. ಪಕ್ಕದಲ್ಲಿ ಇನ್ನೊಂದು, ಸ್ವಲ್ಪ ಚಿಕ್ಕದು. ಅತ್ತೆ ಕಾರಿನಿಂದ ಇಳಿದವರೇ ಚಪ್ಪಲಿ ಬಿಟ್ಟು ಕೈಮುಗಿದರು. ಕೈಲಾಸ ಹಿಂಗೇ ಇರಬೇಕು, ದೊಡ್ಡದು ಶಿವ, ಚಿಕ್ಕದು ಪಾರ್ವತಿ ಎಂದರು. ಹಾಕೋಬ್ ಬೆಟ್ಟಕ್ಕೂ ನಮಗೂ ನಡುವೆ ಹರಿಯುವ ನದಿಯನ್ನು ತೋರಿಸಿ, ಅದೇ ಗಡಿ, ಬೆಟ್ಟ ಆಚೆ ಟರ್ಕಿಯಲ್ಲಿದೆ, ತಾವು ಹೋಗುವಂತಿಲ್ಲ ಎಂದು ವಿವರಿಸಿದ. ದಿನಾ ಎದ್ದ ಕೂಡಲೇ ಕಾಣುವುದು ಅದೇ ಬೆಟ್ಟ, ಆದರೆ ಹತ್ತುವ ಹಾಗಿಲ್ಲ. ಈ ಮಾತಿಗೆ ಅವನು ಕೈ ಬಳಸಲಿಲ್ಲ. ಅತ್ತೆಗೆ ನಾನು ಇದನ್ನು ಕನ್ನಡದಲ್ಲಿ ಹೇಳಿದೆ.

ಆ ಮಠದ ಕಥೆಯನ್ನೂ ಅವನೇ ಹೇಳಿದ. ಹಿಂದೆ ಇಲ್ಲಿನ ರಾಜನೊಬ್ಬ ಒಬ್ಬ ಸಂತನ ಮೇಲೆ ಸಿಟ್ಟಾಗಿ ಅವನನ್ನು ನೆಲದೊಳಗಿನ ಗುಂಡಿಗೆ ತಳ್ಳಿಸಿದ. ಹಾವು ಚೇಳುಗಳ ಗುಂಡಿ. ಸಂತ ಹದಿಮೂರು ವರ್ಷ ಅಲ್ಲೇ ಬದುಕಿದ್ದ. ಆಮೇಲೆ ರಾಜನಿಗೇ ಕಾಯಿಲೆಯಾಗಿ, ಸಂತನನ್ನು ಮೇಲೆ ತಂದು, ಅವನಿಂದ ಗುಣವಾಗಿ, ದೇಶವೇ ಅವನ ಧರ್ಮ ಹಿಡಿಯಿತು. ನಾನು ಹಾವಿನಿಂದ ಹಿಡಿದು ರಾಜನ ಕಾಯಿಲೆಯವರೆಗೆ ಎಲ್ಲವನ್ನೂ ಅಭಿನಯಸಹಿತ ಅನುವಾದಿಸಿದೆ. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ.

"ಅಷ್ಟು ವರ್ಷ ಊಟ ಯಾರು ಹಾಕಿದ್ರಂತೆ?"

ಹಾಕೋಬ್ ಸಂತೋಷದಿಂದ ಬೆರಳೆತ್ತಿದ. ಒಬ್ಬಳು ಹೆಂಗಸು. ಹತ್ತಿರದ ಊರಿನವಳು. ದಿನಾ ಒಂದು ರೊಟ್ಟಿ ತಂದು ಕಿಂಡಿಯಿಂದ ಒಳಗೆ ಹಾಕುತ್ತಿದ್ದಳಂತೆ, ಗುಟ್ಟಾಗಿ.

ಅವಳ ಹೆಸರೇನು ಎಂದರು ಅತ್ತೆ. ಅವನು ತಲೆ ಕೆರೆದುಕೊಂಡ. ಸಂತನ ಹೆಸರು ಗೊತ್ತು, ರಾಜನ ಹೆಸರು ಗೊತ್ತು, ರಾಜನ ತಂಗಿಯ ಹೆಸರೂ ಗೊತ್ತು. ಅವಳದು ಗೊತ್ತಿಲ್ಲ. ಅತ್ತೆಗೆ ಇದು ಸರಿಬೀಳಲಿಲ್ಲ. ಅವರ ಅತ್ತೆಯ ಕಾಲದಿಂದಲೂ ನಮ್ಮ ಮನೆಯಲ್ಲಿ ಪೇಟೆಯ ಮಠದ ಹುಡುಗರಿಗೆ ಸೋಮವಾರದ ದಾಸೋಹ ನಡೆಯುತ್ತದೆ. ಒಂದು ದಿನ ನೂರು ಜನಕ್ಕೆ ಬಡಿಸುವುದಕ್ಕಿಂತ, ಒಂದೂ ದಿನ ತಪ್ಪಿಸದೆ ಬಡಿಸುವುದು ಕಷ್ಟ ಎಂಬುದು ಅವರು ಯಾವಾಗಲೂ ಹೇಳುವ ಮಾತು.

"ನಡಿ, ಆ ಗುಂಡಿ ನೋಡೋಣ," ಅಂದರು.

ಮಠದ ಅಂಗಳದ ಪಕ್ಕದಲ್ಲಿ ಒಂದು ಚಿಕ್ಕ ಪ್ರಾರ್ಥನಾ ಮಂದಿರ. ಒಳಗೆ ಪೀಠದ ಬಲಕ್ಕೆ, ನೆಲದಲ್ಲಿ ಒಂದು ತೂತು. ಒಬ್ಬರು ಮೈ ಮುದುರಿಕೊಂಡು ಇಳಿಯಬಹುದು, ಅಷ್ಟೇ. ಅದರೊಳಕ್ಕೆ ಹೆಚ್ಚುಕಡಿಮೆ ನೇರವಾಗಿ ಇಳಿದ ಕಬ್ಬಿಣದ ಏಣಿ. ನಾನು ದೂರದಿಂದಲೇ ಬಗ್ಗಿ ನೋಡಿ, ಹಿಂದೆ ಸರಿದು ಗೋಡೆಗೆ ಒರಗಿದೆ. ಅತ್ತೆ ಅಂಚಿನಲ್ಲಿ ಕೂತು, ಒಳಗಿನ ಬಿಸಿ ಗಾಳಿಯನ್ನು ಮುಖಕ್ಕೆ ತೆಗೆದುಕೊಂಡರು. ಅವರ ಮುಖ ಅರಳಿತು.

"ಅಯ್ಯೋ, ಇದು ಹಗೇವು ಕಣೆ!"

ಹಗೇವು ಎಂದರೆ ಈಗಿನವರಿಗೆ ತಿಳಿಯದು. ಹಿಂದೆ ಹಳ್ಳಿಗಳಲ್ಲಿ ರಾಗಿ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ತುಮಕೂರಿನ ಕಡೆಯ ತಮ್ಮ ತವರಿನಲ್ಲಿ ಹಗೇವು ತೆಗೆಯುವ ದಿನದ ಸುದ್ದಿಯನ್ನು ಅತ್ತೆ ನನಗೆ ಎಷ್ಟೋ ಸಲ ಹೇಳಿದ್ದರು. ಬಾಯಿಯ ಕಲ್ಲು ಸರಿಸಿ, ಕೆಟ್ಟ ಗಾಳಿ ಹೋಗಲೆಂದು ಒಂದು ದಿನ ಬಿಟ್ಟು, ಆಮೇಲೆ ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರದಿದ್ದರೆ ಜನ ಇಳಿಯಬಹುದು. ಮನೆಯಲ್ಲಿ ಎಲ್ಲರಿಗಿಂತ ಸಣ್ಣಗಿದ್ದವರು ಇವರು. ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸುತ್ತಿದ್ದರಂತೆ. ಒಳಗೆ ರಾಗಿಯ ಬೆಚ್ಚನೆ ವಾಸನೆ, ಮೇಲೆ ತಟ್ಟೆಯಷ್ಟಗಲ ಆಕಾಶ, ಅದರಲ್ಲಿ ಅಪ್ಪನ ಮುಖ. ಈ ಕಥೆ ಹೇಳುವಾಗಲೆಲ್ಲ ನಮ್ಮತ್ತೆ ಹತ್ತು ವರ್ಷದವರಾಗುತ್ತಿದ್ದರು.

ಒಳಗೆ ದೀಪ ಉರಿಯುತ್ತಿದೆಯಾ ಎಂದು ಕೇಳಿದರು. ಉರಿಯುತ್ತಿತ್ತು, ವಿದ್ಯುತ್ತಿನ ಬಲ್ಬು. ಅವರಿಗೆ ಅಷ್ಟು ಸಾಕಾಯಿತು. ಸ್ವೆಟರು ತೆಗೆದು ನನ್ನ ಕೈಗೆ ಕೊಟ್ಟರು. ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿ, ನೆರಿಗೆಯನ್ನು ಎತ್ತಿ ಕಟ್ಟಿಕೊಂಡರು. ನಾನು ಮಂಡಿಯ ವಿಷಯ ಹೇಳಿದೆ, ಡಾಕ್ಟರ ವಿಷಯ ಹೇಳಿದೆ, ನಿಮ್ಮ ಮಗನಿಗೆ ಏನು ಉತ್ತರ ಕೊಡಲಿ ಎಂದೂ ಹೇಳಿದೆ.

"ನೀನು ಬರ್ಬೇಡ, ನಿಂಗೆ ಆಗಲ್ಲ. ಇಲ್ಲೇ ಇರು. ಪುಟ್ಟಿ ಬರ್ತಾಳೆ," ಎಂದು ಮೊಮ್ಮಗಳನ್ನು ನೋಡಿದರು.

ಸಹನಾ ಕಿವಿಯ ವೈರು ತೆಗೆದು, ನಿಟ್ಟುಸಿರು ಬಿಟ್ಟು, ಮೊದಲು ತಾನು ಇಳಿದಳು. ಅವಳ ಹಿಂದೆ ಅತ್ತೆ. ಕೊರಳಲ್ಲಿ ತೂಗುತ್ತಿದ್ದ ಬೆಳ್ಳಿಯ ಕರಡಿಗೆ, ಅವರ ಇಷ್ಟಲಿಂಗದ ಪೆಟ್ಟಿಗೆ, ಏಣಿಯ ಒಂದೊಂದು ಮೆಟ್ಟಿಲಿಗೂ ತಾಗಿ ಟಣ್ ಎನ್ನುತ್ತಿತ್ತು. ಟಣ್, ಟಣ್ ಎಂದು ಕೆಳಗೆ ಕೆಳಗೆ ಹೋಗಿ ಆ ಶಬ್ದ ನಿಂತಿತು. ನಾನು ಸ್ವೆಟರು ಹಿಡಿದುಕೊಂಡು, ಬಾಗಿಲ ಬಳಿ ಮೇಣದ ಬತ್ತಿ ಮಾರುತ್ತಿದ್ದ ಮುದುಕಿಯ ಪಕ್ಕದಲ್ಲಿ ನಿಂತೆ. ಆಕೆ ನನ್ನನ್ನು ನೋಡಿ ಏನೋ ಹೇಳಿದಳು. ನಾನೂ ಏನೋ ಹೇಳಿದೆ. ಇಬ್ಬರಿಗೂ ಅರ್ಥವಾದದ್ದು ನನ್ನ ಹೆದರಿಕೆಯೊಂದೇ.

ಕೆಳಗೆ ನಡೆದದ್ದನ್ನು ಸಹನಾ ನನಗೆ ಹೇಳಿದ್ದು ಎಷ್ಟೋ ದಿನದ ಮೇಲೆ. ಅತ್ತೆ ಆ ದುಂಡನೆಯ ಗುಂಡಿಯಲ್ಲಿ ಸುತ್ತ ನೋಡಿದರಂತೆ. ಮೇಲೆ ಗೋಡೆಯಲ್ಲಿದ್ದ ಸಣ್ಣ ಕಿಂಡಿಯನ್ನು ಹುಡುಕಿ, ಅದರ ಕೆಳಗೆ ನಿಂತು ಕತ್ತೆತ್ತಿ, ರೊಟ್ಟಿ ಇಲ್ಲಿಂದ ಬೀಳಬೇಕು, ಮೆತ್ತಗಿದ್ದರೆ ಮಣ್ಣಾಗಿಬಿಡುತ್ತೆ, ಅವಳು ಗಟ್ಟಿಯಾಗಿ ಸುಡುತ್ತಿದ್ದಳೇನೋ ಅಂದರಂತೆ. ಆಮೇಲೆ ಕಲ್ಲಿಗೆ ಒರಗಿ ಕೂತು, ನಿನಗೆ ಇಲ್ಲಿ ಏನು ಕಷ್ಟ ಮಗಾ ಎಂದು ಕೇಳಿದರಂತೆ. ಇವಳು ನನಗೆ ಹೇಳದ್ದನ್ನೆಲ್ಲ ಹೇಳಿದಳು. ವಾರ್ಡಿನಲ್ಲಿ ಒಬ್ಬ ಮುದುಕಿ ರೋಗಿ. ಇವಳು ಪ್ರಶ್ನೆ ಕೇಳುವಾಗ ಪದ ತಪ್ಪಿ, ಆಕೆಗೆ ಏನೋ ಬೇರೆಯಾಗಿ ಕೇಳಿಸಿತು. ಆಕೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಎಲ್ಲರೆದುರು ಪ್ರೊಫೆಸರು, ಭಾಷೆ ಬಾರದವರು ರೋಗಿಯ ಹತ್ತಿರ ಬರಬಾರದು ಎಂದರು. ಅವತ್ತಿನಿಂದ ಇವಳಿಗೆ ವಾರ್ಡಿನ ಬಾಗಿಲು ಕಂಡರೆ ಕೈಕಾಲು ತಣ್ಣಗಾಗುತ್ತಿತ್ತು.

ಅತ್ತೆ ಬುದ್ಧಿ ಹೇಳಲಿಲ್ಲ. "ಹಂಗಾದ್ರೆ ಬಂದ್ಬಿಡು. ನಿಮ್ಮಪ್ಪನ್ನ ನಾನು ನೋಡ್ಕೋತೀನಿ," ಎಂದರಂತೆ. ಅಷ್ಟೇ. ನಾನು ಸಾವಿರಾರು ಮೈಲಿ ಹೊತ್ತು ತಂದ ಭಾಷಣಕ್ಕೆ ತದ್ವಿರುದ್ಧ. ಸಹನಾ ಅತ್ತು ಮುಗಿಸಿದ ಮೇಲೆ ಇಬ್ಬರೂ ಏಳಲು ಹೊರಟರು.

ಮೇಲೆ ನನಗೆ ಮತ್ತೆ ಟಣ್ ಎಂಬ ಶಬ್ದ ಕೇಳಿ ಜೀವ ಬಂತು. ಟಣ್. ಟಣ್. ಆಮೇಲೆ ನಿಂತಿತು. ಸ್ವಲ್ಪ ಹೊತ್ತಾದರೂ ಮುಂದಿನದು ಬರಲಿಲ್ಲ. ಹೆದರಿಕೆಯನ್ನೆಲ್ಲ ನುಂಗಿಕೊಂಡು ತೂತಿನ ಅಂಚಿಗೆ ಹೋಗಿ ಬಗ್ಗಿದೆ. ಏಣಿಯ ನಡುವೆ ಅತ್ತೆ ಎರಡೂ ಕೈಯಿಂದ ಕಬ್ಬಿಣವನ್ನು ತಬ್ಬಿ ನಿಂತಿದ್ದರು. ಮಂಡಿ ಹಿಡಿದುಬಿಟ್ಟಿತ್ತು. ಮೇಲಕ್ಕೂ ಆಗದು, ಕೆಳಕ್ಕೂ ಆಗದು.

"ಸುಮಾ, ಕಾಲು ಬರ್ತಿಲ್ಲ ಕಣೆ," ಎಂದರು. ಹೆಸರು ಹಿಡಿದು ಅವರು ನನ್ನನ್ನು ಕರೆಯುವುದು ಅಪರೂಪ.

ನಾನು ಕೂಗಿದೆನಂತೆ. ಏನು ಕೂಗಿದೆನೋ ನೆನಪಿಲ್ಲ. ಹಾಕೋಬ್ ಓಡಿಬಂದ. ಪ್ರವಾಸಕ್ಕೆ ಬಂದಿದ್ದ ಇಬ್ಬರು ಗಂಡಸರೂ ಬಂದರು. ಮೂವರೂ ಮಂಡಿಯೂರಿ, ತೂತಿನೊಳಗೆ ಕೈ ಇಳಿಬಿಟ್ಟು, ಅತ್ತೆಯ ಮಣಿಕಟ್ಟು ಹಿಡಿದು ಎಳೆಯಲು ಹೋದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು.

ಆಗ ಕೆಳಗಿನಿಂದ ಒಂದು ದನಿ ಬಂತು. ಗಟ್ಟಿಯಾದ, ಅವಸರವಿಲ್ಲದ ದನಿ. ಅರ್ಮೇನಿಯನ್ ಭಾಷೆ. ಯಾರೋ ಊರಿನ ಹೆಂಗಸು ಕೆಳಗೆ ಉಳಿದಿದ್ದಾಳೆ ಎಂದುಕೊಂಡೆ. ಮೂವರೂ ತಟ್ಟನೆ ಕೈ ಹಿಂದಕ್ಕೆ ತೆಗೆದರು. ಆ ದನಿ ಮತ್ತೆ ಏನೋ ಹೇಳಿತು, ಹಾಕೋಬ್ ಏಣಿಯ ತಲೆಯನ್ನು ಎರಡೂ ಕೈಯಿಂದ ಅದುಮಿ ಹಿಡಿದ. ಇನ್ನೇನೋ ಹೇಳಿತು, ಮೇಣದ ಬತ್ತಿಯ ಮುದುಕಿ ತನ್ನ ಶಾಲು ತೆಗೆದು ತೂತಿನ ಒರಟು ಅಂಚಿಗೆ ಹಾಸಿದಳು. ಗದ್ದಲವೆಲ್ಲ ನಿಂತುಹೋಯಿತು. ಆಮೇಲೆ ಅದೇ ದನಿ ಕನ್ನಡದಲ್ಲಿ ಮಾತಾಡಿತು.

"ಅಜ್ಜಿ, ಯಾರೂ ನಿನ್ನ ಎಳೆಯಲ್ಲ. ಎಡಗಾಲು ಎತ್ತಿ ನನ್ನ ಭುಜದ ಮೇಲಿಡು."

"ಕಾಲು ಮಗು ಮೇಲಿಡೋದೇ?" ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ.

"ಇಡಜ್ಜಿ. ಇದು ನನ್ನ ಕೆಲಸ."

ಅತ್ತೆ ಇಟ್ಟರು. ಸಹನಾ ಒಂದು ಮೆಟ್ಟಿಲು ಮೇಲೆ ಬಂದಳು, ಅವರ ಕಾಲೂ ಅವಳ ಭುಜದೊಡನೆ ಮೇಲೆ ಬಂತು. ಆ ಕಾಲನ್ನು ಕೈಯಿಂದ ಹಿಡಿದು ಮೆಟ್ಟಿಲಿಗೆ ಕೂರಿಸಿದಳು. ಆಮೇಲೆ ಇನ್ನೊಂದು ಕಾಲು. ಪ್ರತಿ ಸಲವೂ "ಕಮಾತ್ಸ್, ಕಮಾತ್ಸ್" ಎನ್ನುತ್ತಿದ್ದಳು. ನಿಧಾನ, ನಿಧಾನ ಎಂದು ಅದರ ಅರ್ಥವಂತೆ. ಅಜ್ಜಿಗೆ ಕನ್ನಡದಲ್ಲಿ ಹೇಳಬೇಕೆಂಬುದೂ ಅವಳಿಗೆ ಮರೆತಿತ್ತು. ಟಣ್ ಎಂಬ ಶಬ್ದ ಮತ್ತೆ ಶುರುವಾಯಿತು. ಹಣೆಯ ವಿಭೂತಿಯೆಲ್ಲ ಬೆವರಿಗೆ ಕರಗಿದ ಮುಖ ತೂತಿನಿಂದ ಮೇಲೆ ಬಂದಾಗ ನಾನು ಅವರ ಕಂಕುಳಿಗೆ ಕೈ ಕೊಟ್ಟೆ. ಇಷ್ಟು ಹೊತ್ತೂ ತೂತಿನ ಅಂಚಿನಲ್ಲೇ ಇದ್ದೇನೆ ಎಂದು ನನಗೆ ಗೊತ್ತಾದದ್ದು ಆಗ.

ಮುದುಕಿ ಅತ್ತೆಯನ್ನು ತನ್ನ ಸ್ಟೂಲಿನ ಮೇಲೆ ಕೂರಿಸಿ, ಸೀರೆಯ ಸುಣ್ಣದ ಧೂಳು ಕೊಡವಿ, ನೀರು ಕೊಟ್ಟಳು. ಆಕೆ ಅರ್ಮೇನಿಯನ್ನಿನಲ್ಲಿ ಗದರಿದಳು, ಅತ್ತೆ ಕನ್ನಡದಲ್ಲಿ ಸಮಜಾಯಿಷಿ ಕೊಟ್ಟರು. ಆಕೆ ಲಂಗ ಸ್ವಲ್ಪ ಎತ್ತಿ ಪಟ್ಟಿ ಸುತ್ತಿದ ತನ್ನ ಮಂಡಿ ತೋರಿಸಿದಳು. ಅತ್ತೆ ತಮ್ಮದನ್ನು ತೋರಿಸಿದರು. ಸಹನಾ ಇಬ್ಬರ ನಡುವೆ ನೆಲದ ಮೇಲೆ ಕೂತು, ಅಜ್ಜಿಯ ಮಂಡಿಯನ್ನು ಮೆಲ್ಲಗೆ ಮಡಿಸಿ ಬಿಡಿಸಿ ನೋಡುತ್ತ, ಅವಳ ಮಾತು ಇವರಿಗೆ, ಇವರ ಮಾತು ಅವಳಿಗೆ ಹೇಳುತ್ತಿದ್ದಳು. ರೊಟ್ಟಿ ಹಾಕಿದ ಹೆಂಗಸಿನ ಹೆಸರನ್ನು ಅತ್ತೆ ಅಲ್ಲಿಯೂ ಕೇಳಿಸಿದರು. ಮುದುಕಿ ಬಹಳ ಹೊತ್ತು ಉತ್ತರಿಸಿದಳು. ಹೆಸರು ಯಾರಿಗೂ ಗೊತ್ತಿಲ್ಲ, ಆದರೆ ಸುತ್ತಲ ಒಂದೊಂದು ಊರಿನವರೂ ಅವಳು ನಮ್ಮೂರಿನವಳು ಎಂದು ಜಗಳ ಕಾಯುತ್ತಾರಂತೆ, ನಿಜವಾಗಿ ಅವಳು ತನ್ನ ಊರಿನವಳೇ ಅಂತೆ. ಅತ್ತೆಗೆ ತೃಪ್ತಿಯಾಯಿತು. ಜಗಳ ಕಾಯುವವರಿದ್ದರೆ ಸರಿ ಎಂದರು.

ಹಾಕೋಬ್ ನನ್ನನ್ನು ಪಕ್ಕಕ್ಕೆ ಕರೆದು, ನಿಮ್ಮ ಮಗಳು ನಮ್ಮ ಅಜ್ಜಿಯಂದಿರ ಹಾಗೆ ಮಾತಾಡುತ್ತಾಳೆ ಎಂದ. ಪುಸ್ತಕದ ಭಾಷೆಯಲ್ಲ, ಅಡುಗೆಮನೆಯ ಭಾಷೆ. ಕೆಳಗಿನ ಮನೆಯೊಡತಿಯ ಜೊತೆ ಎರಡು ವರ್ಷ ಸೊಪ್ಪು ಸೋಸಿ, ಉಪ್ಪಿನಕಾಯಿ ಹಾಕಿ ಕಲಿತದ್ದು. ಅದು ಭಾಷೆ ಎಂದು ಸಹನಾಳಿಗೆ ಅನ್ನಿಸಿಯೇ ಇರಲಿಲ್ಲ. ನಾನು ಅವಳಿಗೆ ಏನೂ ಹೇಳಲಿಲ್ಲ. ಹೇಳಲು ಬಾಯಿ ತೆರೆದರೆ ಅದು ಖಂಡಿತ ಪಾಠವಾಗುತ್ತಿತ್ತು.

ವಾಪಸು ಬರುವಾಗ ಅರರಾತ್ ಸಂಜೆಯ ಬಿಸಿಲಿಗೆ ಕೆಂಪಾಗಿ, ಕಾರಿನ ಹಿಂಬದಿಯ ಗಾಜಿನಲ್ಲಿ ಬಹಳ ದೂರ ಜೊತೆ ಬಂತು. ಅತ್ತೆ ಮೊಮ್ಮಗಳ ಹೆಗಲ ಮೇಲೆ ತಲೆಯಿಟ್ಟು ಬಾಯಿ ತೆರೆದು ನಿದ್ದೆಹೋದರು. ಸಹನಾ ಅಲುಗಾಡದೆ ಕೂತಿದ್ದಳು. ಮನೆಗೆ ಬಂದ ಮೇಲೂ ಊರಿಗೆ ಬರುವ ಮಾತನ್ನು ಅವಳೂ ಎತ್ತಲಿಲ್ಲ, ಅತ್ತೆಯೂ ಎತ್ತಲಿಲ್ಲ. ಅಜ್ಜಿಯ ಮಂಡಿಗೆ ಬಿಸಿ ಬಟ್ಟೆ ಒತ್ತಿ, ಮುಲಾಮು ಹಚ್ಚಿ ಮಲಗಿಸಿದಳು.

ಬೆಳಿಗ್ಗೆ ನನಗೆ ಎಚ್ಚರವಾದಾಗ ಬಿಸಿಲು ಬಂದಿತ್ತು. ಸಹನಾಳ ಹಾಸಿಗೆ ಖಾಲಿ, ಹೊದಿಕೆ ಮಡಿಸಿಟ್ಟಿತ್ತು. ಬಾಗಿಲ ಹಿಂದೆ ವಾರವಿಡೀ ನೇತಾಡುತ್ತಿದ್ದ ಅವಳ ಬಿಳಿ ಕೋಟು ಇರಲಿಲ್ಲ. ಅತ್ತೆ ಪೂಜೆ ಮುಗಿಸಿ, ಕಾಲು ನೀಡಿಕೊಂಡು ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತು ಕೆಳಗಿನ ರಸ್ತೆ ನೋಡುತ್ತಿದ್ದರು. ಅವಳು ಎಲ್ಲಿ ಎಂದು ಕೇಳಿದೆ. ಆಸ್ಪತ್ರೆಗೆ ಹೋದಳು ಎಂದರು. ಏನಾದರೂ ಹೇಳಿದಳಾ ಎಂದು ಕೇಳಿದೆ.

"ಏನು ಹೇಳ್ತಾಳೆ? ಬಸ್ಸು ಹೋಗಿಬಿಡುತ್ತೆ ಅಂತ ತಿಂಡೀನೂ ತಿನ್ನದೆ ಓಡಿದ್ಲು," ಎಂದು ಅತ್ತೆ ಮುಖ ಗಂಟಿಕ್ಕಿಕೊಂಡರು.